ಎಂಟನೆಯ ಬುಟ್ಟಿ

ಪೋರ್ತೊ ನಗರದ ಮ್ಯಾನೇಜ್‌ಮೆಂಟ್ ಶಾಲೆ, ಮೂರನೆಯ ಮಹಡಿ,
ಹೀಟರು ಕೆಟ್ಟ ಕೋಣೆಯಲ್ಲಿ ಕೋಟು ಬಿಚ್ಚದೆ ಕೂತ ಆರು ಮಂದಿ.
ಪ್ರೊಫೆಸರ್ ವಲದಾರೆಸ್ ಮೊದಲ ದಿನವೇ ಹೇಳಿಬಿಟ್ಟರು:
"ಎಷ್ಟು ಎಂದು ಕೇಳುವವರಿಗೆ ಪಕ್ಕದ ಕೋಣೆಯಿದೆ.
ಇಲ್ಲಿ ಕೇಳುವುದು, ಹೇಗೆ? ಆಮೇಲೇನಾಯಿತು?"

ಬೆನೆದಿತಾ ಬರೆದುಕೊಂಡಳು.
ಎಂಟು ವರ್ಷ ಬ್ಯಾಂಕಿನಲ್ಲಿ ಅಂಕಿಗಳಿಗೆ ತುತ್ತಿಟ್ಟು ಸಾಕಿದವಳು,
"ಆಮೇಲೇನಾಯಿತು" ಎಂಬುದನ್ನು
ಯಾವ ಕಾಲಮ್ಮಿನಲ್ಲಿ ಕೂರಿಸುವುದು?

ಅವಳ ಸಂಶೋಧನೆ ಬಿರಡೆಯ ಮೇಲೆ.
ವೈನ್ ಸೀಸೆಯ ಬಾಯಿಗೆ ಒತ್ತುವ, ಓಕ್ ತೊಗಟೆಯ ಬಿರಡೆ.
ಊರಿಂದ ದಕ್ಷಿಣಕ್ಕೊಂದು ಕಾರ್ಖಾನೆ. ಅಲ್ಲಿಗೆ ಕ್ಯಾಮರಾ ಬಂದಿದೆ,
ರೆಪ್ಪೆ ಬಡಿಯುವಷ್ಟರಲ್ಲಿ ದರ್ಜೆ ಹೇಳುತ್ತದೆ.
ನಲವತ್ತು ಹೆಂಗಸರು ಕಣ್ಣಲ್ಲೇ ಆರಿಸುತ್ತಿದ್ದ ಮೇಜಿನ ಮುಂದೆ
ಈಗ ಮೂವರು.
ಪ್ರಬಂಧದ ಶೀರ್ಷಿಕೆ ಎರಡೂವರೆ ಸಾಲು, ಬಿಡಿ.

ಒಪ್ಪಿಗೆಪತ್ರಕ್ಕೆ ಸಹಿ ಹಾಕುತ್ತ ದೊನಾ ಎರ್ಮೆಲಿಂದಾ ಕೇಳಿದಳು:
"ಇದನ್ನೆಲ್ಲ ಯಾರು ಓದುತ್ತಾರೆ?"
"ಮೂವರು ಪರೀಕ್ಷಕರು."
"ಅಷ್ಟಕ್ಕೆ ನಾಲ್ಕು ಸಹಿಯೇ, ಮಗಳೇ!"

ಒಂದು ಗಂಟೆಯ ಮಾತು, ಏಳು ಗಂಟೆಯ ಟೈಪಿಂಗು.
ರೆಕಾರ್ಡರಿಗೆ ಭೇದವಿಲ್ಲ: ಕೆಮ್ಮು, ಬೆಲ್ಟಿನ ಗರಗರ,
ನೆಲಕ್ಕೆ ಬಿದ್ದು ಉರುಳಿದ ಒಂದು ಬಿರಡೆ, ಎಲ್ಲವೂ ಒಳಗೆ.
ಎಲ್ಲೆಲ್ಲಿ ನಕ್ಕಳೋ ಅಲ್ಲೆಲ್ಲ ಆವರಣ ಹಾಕಿ 'ನಗು' ಎಂದು ಬರೆದಳು.

ಆಮೇಲೆ ಬಣ್ಣದ ಪೆನ್ನು.
ನಿಷ್ಠೆಗೆ ಹಳದಿ, ಪ್ರತಿರೋಧಕ್ಕೆ ಕೆಂಪು, ಕೌಶಲಕ್ಕೆ ಹಸಿರು.
ಇನ್ನೂರ ಹನ್ನೆರಡು ಚೀಟಿ ನಲವತ್ತಾಯಿತು,
ನಲವತ್ತು ಸೋಸಿ ಸೋಸಿ ಏಳಾಯಿತು.
ಏಳು ಎಂದರೆ ಚಂದ, ಒಂದು ಸ್ಲೈಡಿಗೆ ಸರಿಹೊಂದುತ್ತದೆ.
ಒಂದು ವಾಕ್ಯ ಮಾತ್ರ ಯಾವ ಚೀಟಿಗೂ ಅಂಟಲಿಲ್ಲ:
"ಕ್ಯಾಮರಾ ಒಳ್ಳೆಯದೇ. ಅದಕ್ಕೆ ಮನೆ ನೆನಪಾಗುವುದಿಲ್ಲ."

ಹೊಗಳಿಕೆಯೇ? ದೂರೇ?
ಹಳದಿ ಬಳಿದಳು. ಅದರ ಮೇಲೆ ಕೆಂಪು. ಹಾಳೆ ಕಿತ್ತಳೆಯಾಯಿತು.

ಆಡಿದವರಿಗೇ ಒಮ್ಮೆ ತೋರಿಸು, ಎಂಬುದು ಪಾಠದ ನಿಯಮ.
ಕನ್ನಡಕ ಹಾಕಿ, ಬೆರಳಿಟ್ಟು, ತನ್ನ ಮಾತನ್ನು ತಾನೇ ಓದಿ
ಎರ್ಮೆಲಿಂದಾ ಹೌಹಾರಿದಳು: "ಇಷ್ಟೊಂದು ನಕ್ಕೆನೇ?
ತೆಗಿ ಇದನ್ನ. ಇದನ್ನೂ.
ಇಲ್ಲಿ ಇರಲಿ, ಇದೊಂದು ನಿಜವಾದ ನಗು."

ಅವಳ ಮೇಜಿನ ಮೇಲೆ ಏಳು ಬುಟ್ಟಿ, ಏಳು ದರ್ಜೆ.
ಕಾಲಬುಡದಲ್ಲಿ ಇನ್ನೊಂದು, ಹೆಸರಿಲ್ಲದ್ದು.
"ಅದು?"
"ಇನ್ನೂ ತಿಳಿಯದ್ದು. ಸಂಜೆ ಬೆಳಕು ತಿರುಗಿದ ಮೇಲೆ ಮತ್ತೆ ನೋಡುತ್ತೇನೆ.
ಕೆಲವು ನಾಳೆಗೂ ಉಳಿಯುತ್ತವೆ."
"ಸೂಪರ್‌ವೈಸರ್ ಕೇಳುವುದಿಲ್ಲವೇ?"
"ಪಾಪ, ಅವನಿಗೆ ಎಣಿಸಲು ಬರುವುದು ಏಳರವರೆಗೆ."

ಬಸ್ಸಿನಲ್ಲಿ ಮತ್ತೆ ಕಿವಿಗೆ ಹಚ್ಚಿದಳು.
ನಲವತ್ತೊಂದನೆಯ ನಿಮಿಷ: ಆ ವಾಕ್ಯ, ಆಮೇಲೆ ಒಂದು ಉಸಿರು,
ಏನೋ ಹೇಳಲು ಬಾಯಿ ತೆರೆದ ಸದ್ದು,
ಅದರ ಮೇಲೆ ದಬಕ್ಕನೆ ಬಿದ್ದ ತನ್ನದೇ ದನಿ:
"ಸರಿ, ಮುಂದಿನ ಪ್ರಶ್ನೆ."
ಸೀಸೆಯ ಬಾಯಿಗೆ ಬಿರಡೆ ಒತ್ತಿದ್ದು ತಾನೇ.
ಟೈಪು ಮಾಡುವಾಗ ಆ ಮೂರು ಪದ ಬಿಟ್ಟದ್ದೂ ತಾನೇ.

ಸೆಮಿನಾರಿನಲ್ಲಿ ಫೈನಾನ್ಸಿನ ಒಬ್ಬ ಕೈ ಎತ್ತಿದ: "ಬರೀ ಒಂಬತ್ತು ಜನವೇ?"
ಒಂದಗುಳು ಹಿಸುಕಿದರೆ ಅನ್ನ ಬೆಂದದ್ದು ತಿಳಿಯುತ್ತದೆ, ಸರಿ.
ಹಿಸುಕಿಸಿಕೊಂಡ ಅಗುಳನ್ನು ಯಾರಾದರೂ ಮಾತಾಡಿಸಿದರೇ?
ಹಾಗೆನ್ನಬೇಕೆಂದಿದ್ದಳು. ಅನ್ನಲಿಲ್ಲ.
"ಹೌದು, ಒಂಬತ್ತು" ಎಂದಳು.

ಬಿಟ್ಟ ಮೂರು ಪದಗಳನ್ನು ಸ್ವಸ್ಥಾನಕ್ಕೆ ಸೇರಿಸಿ ಅಧ್ಯಾಯ ಕೊಟ್ಟಳು.
ವಲದಾರೆಸ್ ಕ್ಯಾಮರಾದ ವಾಕ್ಯಕ್ಕೆ ಗೆರೆ ಎಳೆದು
ಅಂಚಿನಲ್ಲಿ ಪೆನ್ಸಿಲಿನಿಂದ ಕೇಳಿದ್ದರು: ಇದು ಯಾವ ವರ್ಗ?
ಅದರ ಕೆಳಗೆ ಅವಳು ಬರೆದಳು:
ಸಂಜೆ ನೋಡಬೇಕು.