ನಡಾವಳಿ, ಪುಟ ೨೧೨

ಸಂಜೆ ಆರೂಕಾಲು. ಹಾಜರಿ: ಎಂಟು.
ಕೋರಂಗೆ ಏಳು ಸಾಕು; ಆದರೂ
ಎಲಿಯಾಜರ್ ಮೇಷ್ಟ್ರು ಬಂದು
ಕುರ್ಚಿಯ ಕಾಲು ಅಲ್ಲಾಡುತ್ತದೆಯೇ ಎಂದು ನೋಡಿ
ಕೂರುವ ತನಕ
ನಮ್ಮಲ್ಲಿ ಪ್ರಾರ್ಥನೆ ಶುರುವಾಗುವುದಿಲ್ಲ.
ಈ ನಿಯಮ ಯಾವ ಕೈಪಿಡಿಯಲ್ಲೂ ಇಲ್ಲ.
ಬಂದರು. ಒಂಬತ್ತು.

ಕಾರ್ಖಾನೆ ಕಬ್ಬು ಅರೆಯಲು ಹಿಡಿದ ವಾರ;
ಮಂಡ್ಯಕ್ಕೆ ಮಂಡ್ಯವೇ ಕಾಕಂಬಿಯ ವಾಸನೆ.
ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ನೊಣ.
ಸಭಾಪಾಲಕರು ಕೀರ್ತನೆ ಓದಿದರು, ಚಿಕ್ಕದನ್ನೇ ಹುಡುಕಿ.

ಮೂವತ್ತೊಂದು ವರ್ಷ ಸಹಕಾರಿ ಬ್ಯಾಂಕಿನಲ್ಲಿ
ಲೆಕ್ಕ ಬರೆದ ಕೈ ನನ್ನದು.
ಮಾತು ಹಿಂಡಿ ವಾಕ್ಯ ಮಾಡುವುದು ಗೊತ್ತು:
ಎರಡು ಗಂಟೆಯ ಜಗಳ – ‘ಸುದೀರ್ಘವಾಗಿ ಚರ್ಚಿಸಲಾಯಿತು’,
ಮೇಜು ಗುದ್ದಿದ್ದು – ‘ಆಕ್ಷೇಪ ವ್ಯಕ್ತವಾಯಿತು’.
ಗುದ್ದಿದವರ ಹೆಸರಿಲ್ಲದೆಯೂ ಕ್ರಿಯಾಪದ ನಿಲ್ಲುತ್ತದೆ,
ಕಾರ್ಯದರ್ಶಿಗೆ ಅದೊಂದು ಕೃಪೆ.

ವಿಷಯ ಒಂದು: ಗಂಟೆಗೆ ಹೊಸ ಹಗ್ಗ.
ವಿಷಯ ಎರಡು: ಸಮಾಧಿ ತೋಟದ ಕಾಂಪೌಂಡು.
ಪಕ್ಕದ ಸೈಟಿನವರು ಒಂದಡಿ ಒಳಬಂದಿದ್ದಾರೆ,
ಇತ್ತ ಮಲಗಿದವರಾರೂ ತಕರಾರು ಮಾಡುವುದಿಲ್ಲವೆಂದು.
ಸರ್ವೆಯರನ್ನು ಕರೆಸತಕ್ಕದ್ದು.
ವಿಷಯ ಮೂರು: ಮತದಾರರ ಪಟ್ಟಿ.

ಖಜಾಂಚಿ ಜ್ಞಾನಶೇಖರ್ ಕನ್ನಡಕ ಏರಿಸಿ ಓದಿದರು:
ಹನ್ನೆರಡು ತಿಂಗಳ ವಂತಿಗೆ ಬಾಕಿ ಉಳಿಸಿದ ಸದಸ್ಯರ
ಹೆಸರು ತೆಗೆಯತಕ್ಕದ್ದು.
ಹದಿನಾಲ್ಕು ಹೆಸರು.
ಮೂವರು ತೀರಿಕೊಂಡವರು.
ಐವರು ವರ್ಗಪತ್ರ ಕೇಳದೆಯೇ ಮೈಸೂರು ಸೇರಿದವರು.
ಐವರು ಯಾರೋ, ಮದುವೆಗಷ್ಟೇ ಇಲ್ಲಿ ಬಂದವರು.
ಹದಿನಾಲ್ಕನೆಯದು:
ದೀನಮ್ಮ, ಕೋಂ ದಿವಂಗತ ಮೋಶೆ.

ಗೋಡೆಯಾಚೆ ಲೋಟ ತೊಳೆಯುವ ಸದ್ದು
ನಿಂತಿತು.

ಪ್ರತಿ ಭಾನುವಾರ ಕಾಣಿಕೆ ಚೀಲ ಸುತ್ತಿ ಬಂದಾಗ
ಮುಷ್ಟಿಯನ್ನು ಪೂರಾ ಒಳಗಿಳಿಸಿ ಆಮೇಲೆ ಬಿಚ್ಚುತ್ತಾಳೆ,
ಎಷ್ಟೆಂದು ಚೀಲಕ್ಕೂ ತಿಳಿಯಬಾರದೆಂಬಂತೆ.
ಎಲ್ಲರೂ ನೋಡಿದ್ದೇವೆ.
ಆದರೆ ಚೀಲಕ್ಕೆ ರಸೀದಿ ಇಲ್ಲ.
ವಂತಿಗೆಗೆ ಬೇರೆ ಕವರು, ಕವರಿಗೊಂದು ನಂಬರು.
‘ನಂಬರಿಲ್ಲದ ದುಡ್ಡು ದೇವರಿಗೆ ಗೊತ್ತಿರಬಹುದು,
ಆಡಿಟರಿಗೆ ಗೊತ್ತಾಗಲ್ಲ’ ಅಂದರು ಜ್ಞಾನಶೇಖರ್.
ಕೆಟ್ಟವರಲ್ಲ. ಹೋದ ಮಾರ್ಚಿಯಲ್ಲಿ
ನಲವತ್ತು ರೂಪಾಯಿ ತಾಳೆಯಾಗದೆ
ಎರಡು ರಾತ್ರಿ ನಿದ್ದೆಗೆಟ್ಟವರು.
ಕೊನೆಗೆ ಸಿಕ್ಕಿತು, ಮೊಂಬತ್ತಿಯ ಬಿಲ್ಲಿನಲ್ಲಿ.

ಸೂಚಕರು: ಶ್ರೀ ಜ್ಞಾನಶೇಖರ್.
ಅನುಮೋದಕರು:

ಇಲ್ಲಿ ಪೆನ್ನು ನಿಂತಿತು.
ಸಭಾಪಾಲಕರು ಬೈಬಲಿನ ರಿಬ್ಬನ್ನು ನೇರ ಮಾಡಿದರು.
ಎಲಿಯಾಜರ್ ಮೇಷ್ಟ್ರು ಮತ್ತೊಮ್ಮೆ
ಕುರ್ಚಿಯ ಕಾಲು ನೋಡಿದರು.
ಯಾವುದಕ್ಕೂ ಮೊದಲು ಕೈಯೆತ್ತುವ ಸುಗಂಧಿ ಟೀಚರು
ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡರು.
ಖಜಾಂಚಿಯನ್ನೂ ನನ್ನನ್ನೂ ಬಿಟ್ಟರೆ ಏಳು ಜನ.
ಮೌನಕ್ಕೂ ಕೋರಂ ಇತ್ತು.

ಅದನ್ನು ಬರೆಯುವುದು ಹೇಗೆ?
ಬ್ಯಾಂಕಿನಲ್ಲಿ ಕಲಿಸಿರಲಿಲ್ಲ.
ಧೈರ್ಯವೆನ್ನಲೇ? ಧೈರ್ಯವಾಗಿದ್ದರೆ
ನಿಯಮವನ್ನೇ ತಿದ್ದೋಣ ಅನ್ನುತ್ತಿದ್ದರು ಯಾರಾದರೂ.
ಜೇಬಿನಿಂದ ಅವಳ ಬಾಕಿ ತೆತ್ತು
ರಸೀದಿ ಹರಿಸಬಹುದಿತ್ತು.
ನಾನೂ ಕೈ ಹಾಕಲಿಲ್ಲ ಜೇಬಿಗೆ.
ಬರೆದೆ: ‘ಅನುಮೋದಕರಿಲ್ಲದ ಕಾರಣ
ಸೂಚನೆ ಬಿದ್ದುಹೋಯಿತು.’

ಹೀಗಾಗಿ ಈ ಸಲ
ಆ ಮೂವರು ಸತ್ತವರಿಗೂ ಮತ ಉಳಿಯಿತು.

ವಿಷಯ ನಾಲ್ಕು: ಮೈಕಿನ ಗರಗರ.
ವಿಷಯ ಐದು ಮುಂದೂಡಲಾಯಿತು.
ಆಶೀರ್ವಚನ. ಚಹಾ.

ಎಲ್ಲರೂ ಹೋದ ಮೇಲೆ ಬೀರುವಿನೊಳಗೆ
ದೀಕ್ಷಾಸ್ನಾನದ ರಿಜಿಸ್ಟರ್, ಅದರ ಮೇಲೆ ಮದುವೆಯದು,
ಅದರ ಮೇಲೆ ಮರಣದ್ದು, ಎಲ್ಲಕ್ಕೂ ಮೇಲೆ ನನ್ನ ನಡಾವಳಿ.
ಬೀಗ ಎಳೆದು ನೋಡಿದೆ.

ದೀನಮ್ಮ ಲೋಟ ಎಣಿಸುತ್ತಿದ್ದಳು.
‘ಎಂಟೇ ಅವೆ ಕನಣ್ಣ. ಒಂದು ಕಮ್ಮಿ.’
ಬೆಂಚಿನ ಕೆಳಗೆ ಬಗ್ಗಿ ಹುಡುಕಿದೆವು ಇಬ್ಬರೂ.
ಖಜಾಂಚಿಯ ಕುರ್ಚಿಯ ಹಿಂದೆ ಸಿಕ್ಕಿತು,
ತುಂಬಿದ ಹಾಗೇ, ಕೆನೆಗಟ್ಟಿ, ಒಂದು ನೊಣ.

ಗಿಡದ ಬುಡಕ್ಕೆ ಚೆಲ್ಲಿ, ತೊಳೆದು,
ಬೋರಲು ಹಾಕಿ, ‘ಒಂಬತ್ತು’ ಅಂದಳು.
ಆಮೇಲೆ, ತನ್ನಷ್ಟಕ್ಕೆ:
‘ಸಕ್ಕರೆ ಸಾಲ್ಲಿಲ್ವೇನೋ ಅವ್ರ್ಗೆ.’