ಸರಪಳಿಯ ಅಳತೆ

ಬೇಲೆಕೇರಿಯ ಈ ತುದಿಗೆ ನಮ್ಮದೇ ಕೊನೆಯ ಅಂಗಳ.
ಆಚೆ ಬಂಗಡೆಬಳ್ಳಿ, ಅದರಾಚೆ
ಬಾಗಿಲು ಬಿದ್ದುಹೋದ ಐಸ್ ಫ್ಯಾಕ್ಟರಿ,
ಅದರ ತುಂಬ ಬೆಕ್ಕುಗಳು.
ಎಷ್ಟು ಎಂದು ಕೇಳಬೇಡಿ.
ಕತ್ತಲಲ್ಲಿ ಬ್ಯಾಟರಿ ಬಿಟ್ಟು ಕಣ್ಣು ಎಣಿಸಿದರೆ
ಪ್ರತಿ ಸಲವೂ ಬೆಸ ಬರುತ್ತದೆ:
ಒಬ್ಬಳಿಗೆ ಒಂದೇ ಕಣ್ಣು.

ತಾರ್ಲೆಗೆ ಮೂರು ಬಿಸಿಲು ಬೇಕು.
ಮೂರು ಬಿಸಿಲಿನ ನಡುವೆ ಎರಡು ರಾತ್ರಿ ಇರುತ್ತವೆ,
ನನ್ನ ಕಷ್ಟವೆಲ್ಲ ಅಲ್ಲಿ.

ಡಾಂಬರು ಗುಳಿಗೆ ಇಟ್ಟೆ;
ಮೀನಿಗೆ ಅಜ್ಜಿಯ ಟ್ರಂಕಿನ ವಾಸನೆ ಹತ್ತಿತು,
ಸಂತೆಯಲ್ಲಿ ಮೂಸಿ ಮೂಸಿ ವಾಪಸ್ಸು ಇಟ್ಟರು.
ಮೆಣಸಿನ ಪುಡಿ ಎರಚಿದೆ;
ಗಾಳಿ ತಿರುಗಿತು, ನಾನೇ ಅತ್ತೆ.

ಆಗ ಬಂದದ್ದು ಜಮಾದಾರ.
ಹಾರವಾಡದಲ್ಲಿ ರೈಲ್ವೆ ಗೇಟು ಕಾಯುವ ತುಳಸು
ವರ್ಗವಾಗಿ ಹೋಗುವಾಗ ಬಿಟ್ಟುಕೊಟ್ಟ ನಾಯಿ.
ರೈಲಿಗೆ ಬೊಗಳಿ ಬೊಗಳಿ ದನಿ ಒಡೆದಿತ್ತು.
ಮೊದಲ ರಾತ್ರಿಯೇ ಬೆಕ್ಕಟ್ಟಿದ,
ನೆಟ್ಟಗೆ, ಹರಡಿದ ಮೀನಿನ ಮೇಲೆಯೇ.
ಬೆಕ್ಕು ಒಯ್ದದ್ದು ಎರಡು ತಾರ್ಲೆ,
ನಾಯಿ ಮರಳಿಗೆ ಕಲಸಿದ್ದು ನಾಲ್ಕು ಬುಟ್ಟಿ.

ಪಕ್ಕದ ಮಾಣಕಿ ಬೇಲಿಯ ಮೇಲಿಂದ
'ಬಾಟ್ಲಿಯಲ್ಲಿ ನೀಲಿ ನೀರು ತುಂಬಿಡೇ, ಬೆಕ್ಕು ಹೆದರ್ತದೆ' ಎಂದಳು.
ಇಟ್ಟೆ.
ಜಮಾದಾರ ಎರಡು ದಿನ ಒಲೆಯ ಹಿಂದಿನಿಂದ ಹೊರಬರಲಿಲ್ಲ.

ಕೊನೆಗೆ ಗೂಟ ಹುಗಿದೆ,
ಬುಟ್ಟಿಗಳನ್ನು ಅದರ ಸುತ್ತ ಗುಪ್ಪೆ ಹಾಕಿ ತಾಡಪಾಲು ಹೊದಿಸಿದೆ,
ಗೂಟದ ನೆತ್ತಿಯ ಬಳೆಗೆ ಬಾವಿಯ ಹಳೆಯ ಸರಪಳಿ.
ಹದಿನಾಲ್ಕು ಮೊಳ.
ತಿಂಗಳೊಳಗೆ ಮರಳಲ್ಲಿ ದುಂಡಗೆ ಗೆರೆ ಬಿತ್ತು,
ರೊಟ್ಟಿಯ ಅಂಚಿನಂತೆ.

ಒಳಗೆ ನಮ್ಮದು.
ಹೊರಗೆ, ಗೆರೆಯಿಂದ ಸರಿಯಾಗಿ ಒಂದು ಗೇಣು ಬಿಟ್ಟು,
ಒಕ್ಕಣ್ಣಿಯ ದಾರಿ.
ಗೇಣು ಎಂದರೆ ಗೇಣೇ, ನಾನು ಕೂತು ಅಳೆದಿದ್ದೇನೆ.
ಅವಸರವಿಲ್ಲ ಅವಳಿಗೆ. ಒಮ್ಮೆ ಬಾಯಲ್ಲಿ ಮರಿ ಕಚ್ಚಿಕೊಂಡೂ
ಹಾಗೆಯೇ ಹೋದಳು.
ಕತ್ತು ಬಿಗಿಯುವವರೆಗೆ ಹಾರಿ ಜಮಾದಾರ
ಎರಡೇ ಕಾಲಲ್ಲಿ ನಿಂತುಬಿಡುತ್ತಿದ್ದ,
ಬಸ್ಸು ತಪ್ಪಿದ ಮನುಷ್ಯನ ಹಾಗೆ.

ಸುಗ್ಗಿ ಹುಣ್ಣಿಮೆಯ ಮರುದಿನ ಅವನು ಏಳಲಿಲ್ಲ.

ಬಂಗಡೆಬಳ್ಳಿಯ ಬುಡದಲ್ಲಿ ಹುಗಿದೆವು, ಹಗಲಿನಲ್ಲೇ,
ಬೆಕ್ಕುಗಳು ಮಲಗಿರುವ ಹೊತ್ತು ನೋಡಿ.
ಯಾರಿಗೂ ಹೇಳಬೇಡ ಎಂದೆ ಮಾಣಕಿಗೆ.
ನಕ್ಕಳು. ನಾನು ನಗಲಿಲ್ಲ.
ಸರಪಳಿಯ ತುದಿಗೆ ಬಲೆಯ ಹುರಿ ಕಟ್ಟಿ
ಜಗಲಿಯ ಹಾಸಿಗೆಯವರೆಗೆ ಎಳೆದುಕೊಂಡೆ.
ನಡುರಾತ್ರಿ ಎಚ್ಚರವಾದಾಗಲೆಲ್ಲ ಒಮ್ಮೆ ಜಗ್ಗುತ್ತೇನೆ:
ಝಣ್.
ನಿದ್ದೆಗಣ್ಣಿನಲ್ಲಿ ಒಂದೊಂದು ಸಲ
ನನಗೇ ಸಮಾಧಾನವಾಗುತ್ತದೆ.

ಇಂದಿಗೆ ಒಂಬತ್ತನೆಯ ರಾತ್ರಿ.
ಗಾಳಿ ಗೆರೆಯನ್ನು ಅಳಿಸಿ ಬಹಳ ದಿನವಾಯಿತು.
ಒಕ್ಕಣ್ಣಿ ಬರುತ್ತಾಳೆ, ನಿಲ್ಲುತ್ತಾಳೆ,
ಖಾಲಿ ಮರಳನ್ನು ನೋಡುತ್ತಾಳೆ,
ಇಲ್ಲದ ಗೆರೆಗೆ ಗೇಣು ಬಿಟ್ಟು
ಸುತ್ತಿಕೊಂಡೇ ಹೋಗುತ್ತಾಳೆ.

ಮೊನ್ನೆ, ಯಾಕೋ, ಗೆರೆಯಿದ್ದಲ್ಲಿ ಎರಡು ತಾರ್ಲೆ ಇಟ್ಟು ಮಲಗಿದೆ.
ಬೆಳಿಗ್ಗೆ ಎರಡೂ ಅಲ್ಲೇ ಇದ್ದವು, ಇರುವೆ ಮುತ್ತಿ.
ಅತ್ತ ಕಟ್ಟಿಗೆಯ ಗೂಡಿನಿಂದ
ನಾನು ಎಣಿಸಿ ಬಚ್ಚಿಟ್ಟಿದ್ದ ಬಂಗಡೆ
ಒಂದು ಕಡಿಮೆ.