ಮನೆ ಸೇರಿದ ರಾಜ

ಸೊಹಾರ್ ಬಂದರಿನ ಏಳನೇ ಗೋದಾಮು. ರಾತ್ರಿ ಪಾಳಿ.
ಸಿಮೆಂಟು ಚೀಲದ ಮೇಲೆ ಹಲಗೆ, ಆಚೀಚೆ ನಾವಿಬ್ಬರು:
ಉಗ್ರಾಣದ ಲೆಕ್ಕದವನು ನಾನು, ಕಾವಲಿನ ದಾದ್ ಕರೀಮ್.
ಕಪ್ಪಿನಲ್ಲೊಂದು ಕಾಲಾಳು ಕಳೆದು ವರ್ಷವಾಯಿತು,
ಅದರ ಜಾಗಕ್ಕೆ ತುಕ್ಕು ಹಿಡಿದ ಹನ್ನೆರಡು ನಂಬರಿನ ನಟ್ಟು.

ಇಳಕಲ್ಲಿನ ಶಾಲೆಯಲ್ಲಿ ಡ್ರಿಲ್ ಮಾಸ್ತರ ಶಾಂತವೀರಪ್ಪ
ಬೆತ್ತ ತಿರುವುತ್ತ ಕಲಿಸಿದ್ದು ಒಂದೇ ಮಾತು:
"ಹತ್ತು ನಡಿಯೊಳಗ ರಾಜಾನ್ನ ಮನಿ ಸೇರಸು,
ಆಮ್ಯಾಲ ಬೇಕಾದ್ರ ಜಗಳ ತಗಿ."
ಒಂಬತ್ತನೆಯದಕ್ಕೇ ಸೇರಿಸಿದೆ.
ರಾಜ ಎರಡು ಮನೆ ಬಲಕ್ಕೆ, ಆನೆ ಅವನನ್ನು ಹಾರಿ ಪಕ್ಕಕ್ಕೆ,
ಮುಂದೆ ಮೂರು ಕಾಲಾಳು.
ಚಿಲಕ ಬಿದ್ದ ಸದ್ದು ಕೇಳಿದಂತಾಯ್ತು.

ನೋಡಲಿಲ್ಲವೆಂದಲ್ಲ. ನೋಡಿದ್ದೆ:
ಅದೇ ಬಲಗಡೆ ಅವನ ಎರಡು ಕಾಲಾಳು
ಆಗಲೇ ಅರ್ಧ ಹಲಗೆ ನಡೆದು ಬಂದಿದ್ದವು,
ಅಂಚಿನ ಸಾಲಲ್ಲಿ ನಟ್ಟು.
ಕಾಲಾಳು ತಾನೆ, ಹಿಂದಕ್ಕೆ ಹೋಗಲೂ ಬಾರದ್ದು, ಅಂದುಕೊಂಡೆ.
ಬಾರದು. ಅದೇ ತೊಂದರೆ.

ನಟ್ಟು ಇನ್ನೊಂದು ಮನೆ ಬಂತು.
ಹೆದರಿ ನನ್ನದೊಂದನ್ನು ಒಂದೇ ಮನೆ ಮುಂದಿಟ್ಟೆ.
ಅದನ್ನು ನಟ್ಟು ಹೊಡೆಯಿತು, ನಟ್ಟನ್ನು ನಾನು ಮೂಲೆಯದರಿಂದ ಹೊಡೆದೆ,
ಲೆಕ್ಕ ಸಮ. ಆದರೆ ಅಂಚಿನ ಸಾಲು ಬೀದಿಯಂತೆ ಬೋಳು,
ಬೀದಿಯ ಆ ತುದಿಗೆ ಅವನ ಆನೆ,
ಆಟದ ಶುರುವಿನಿಂದ ಕದಲದೆ ಕಾದಿದ್ದು.
ಮಂತ್ರಿ ಬಂದು ಬಾಗಿಲಲ್ಲೇ ನಿಂತ.
ಹೊರಡೋಣವೆಂದರೆ ಎಡಕ್ಕೆ ನನ್ನದೇ ಆನೆ,
ಕಾವಲಿಗೆಂದು ನಾನೇ ಕಟ್ಟಿದ್ದು.

"ನಾನು ಬರ್ತಿದ್ದ ಕಡೆಗೇ ನೀನು ಬಂದೆ," ಎಂದ ಕರೀಮ್
ಮುರುಕು ಹಿಂದಿಯಲ್ಲಿ. ಗೆದ್ದ ದನಿಯಿರಲಿಲ್ಲ.

ಅಷ್ಟರಲ್ಲಿ ವಾಕಿಟಾಕಿ ಗೊರಗೊರ:
ಗಾಳಿ ಜೋರಾಗಲಿದೆ, ಲಂಗರು ಎತ್ತಿ, ಹಡಗುಗಳೆಲ್ಲ ಹೊರಗೆ.
ಕಿಟಕಿಯಲ್ಲಿ ದೀಪಗಳು ಒಂದೊಂದೇ ಕತ್ತಲೆಯ ಕಡೆ ಹೊರಟವು.
ಇಂಥ ಹೊತ್ತಲ್ಲಿ ಹೊರಗೆ ಯಾಕೆ, ಕೇಳಿದೆ.
ಅವನು ಸುಲೈಮಾನಿ ಬಗ್ಗಿಸಿದ,
ಪುಡಿ ತಳಕ್ಕಿಳಿಯುವ ತನಕ ಸುಮ್ಮನಿದ್ದ.
"ಚಿಕ್ಕಪ್ಪ ದೋಣಿ ಬಿಚ್ಚಿಕೊಂಡು ನಡುಗಡಲಿಗೆ ಹೋದ,
ಮೂರನೇ ದಿನ ಬಂದ, ವಾಂತಿ ಮಾಡುತ್ತ.
ಅಪ್ಪನದು ಕಟ್ಟೆಗೆ ಬಿಗಿದಿತ್ತು, ನಾಲ್ಕು ಹಗ್ಗ.
ಕಟ್ಟೆಯೇ ಒಡೀತು ಅದನ್ನ."

ಬಾಗಿಲಡಿಯಿಂದ ಮರಳು ನುಸುಳತೊಡಗಿತ್ತು.
ಒದ್ದೆ ಟವೆಲು ತುರುಕಿ ಬಂದು ಕೂತೆ.
ಬಣ್ಣ ಬದಲಿಸಿದೆವು. ಕಪ್ಪು ಈ ಸಲ ನನ್ನ ಪಾಲಿಗೆ,
ಒಂದು ಕಡಿಮೆ ಬಿತ್ತು. ಚೀಲದ ಸಂದಿಯೆಲ್ಲ ಹುಡುಕಿದೆವು.
ನನ್ನ ಮುಷ್ಟಿಯಲ್ಲೇ ಇತ್ತು ನಟ್ಟು, ಬೆವೆತು, ಬಿಸಿಯಾಗಿ.